ಒಂದು ಉಸಿರಿನ ಜಾಗ

ನವೆಂಬರ್ 18, ಮಂಗಳವಾರ

ಇಂದಿನಿಂದ ಆರು ವಾರ ನನ್ನ ಬಾಯಿಗೆ ಬೀಗ.

ಗಂಟಲ ಡಾಕ್ಟರು ಮೂಗಿನೊಳಗೆ ದಾರದಂಥದ್ದೊಂದು ಕೊಳವೆ ಇಳಿಸಿ, ನನ್ನ ಗಂಟಲೊಳಗಿನದನ್ನೆಲ್ಲ ಪರದೆಯ ಮೇಲೆ ನನಗೇ ತೋರಿಸಿದರು. ಧ್ವನಿ ಹುಟ್ಟುವ ಎರಡು ಎಳೆಗಳ ಮೇಲೆ ಒಂದೊಂದು ಗಂಟು. ಸಾಸಿವೆ ಕಾಳಿನಷ್ಟು. ಇಷ್ಟೇನಾ ಅಂದೆ.

"ಇಷ್ಟೇ. ಆದ್ರೆ ಹೀಗೇ ಕೂಗ್ತಾ ಹೋದ್ರೆ ಆಪರೇಷನ್ ಮಾಡ್ಬೇಕಾಗತ್ತೆ. ಆರು ವಾರ ಒಂದಕ್ಷರ ಮಾತಾಡೋ ಹಾಗಿಲ್ಲ. ಪಿಸುಮಾತೂ ಬೇಡ."

ಕ್ರಿಸ್‌ಮಸ್ ಸಂಜೆ ನಾನು ಹಾಡಲೇಬೇಕು, ಹತ್ತೊಂಬತ್ತು ವರ್ಷದಿಂದ ಹಾಡುತ್ತಿದ್ದೇನೆ ಎಂದೆ. ಡಿಸೆಂಬರ್ ಹತ್ತೊಂಬತ್ತಕ್ಕೆ ಬನ್ನಿ, ಆಮೇಲೆ ನೋಡೋಣ ಎಂದರು. ಕೆಲಸ ಏನು ಎಂದು ಕೇಳಿದರು. ಬಸ್ ನಿಲ್ದಾಣದಲ್ಲಿ ಅನೌನ್ಸರ್ ಎಂದೆ.

"ಅಲ್ಲಿ ಮೈಕ್ ಇರತ್ತಲ್ಲ? ಮೈಕ್ ಇದ್ದೋರಿಗೆ ಹೀಗೆ ಗಂಟು ಕಟ್ಟಲ್ಲ. ಮನೇಲಿ ಯಾರ ಹತ್ರ ಜೋರಾಗಿ ಮಾತಾಡ್ತೀರಿ?"

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಎಂಬ ಮಹಾಶಯರು ತಕ್ಷಣ ಚಾವಣಿಯನ್ನು ನೋಡತೊಡಗಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ನಮ್ಮತ್ತೆಗೆ ಕಿವಿ ಕೇಳಲ್ಲ," ಅಂದೆ.

ಅದೇ ನನ್ನ ಕೊನೆಯ ಮಾತು. ಬೀಗ ಬೀಳುವ ಮುಂಚಿನ ಕೊನೆಯ ಮಾತೂ ಅತ್ತೆಯ ಪಾಲಾಯಿತಲ್ಲ ಎಂದು ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಮಾತಾಡದಿದ್ದರೆ ನಾನು ಒಡೆದುಹೋಗುತ್ತೇನೆ. ಅದಕ್ಕೇ ಈ ನೋಟ್‌ಬುಕ್ಕು. ಇವರ ಕನ್ನಡಕದ ಅಂಗಡಿಯಿಂದ ತಂದದ್ದು. ಪ್ರತಿ ಪುಟದ ಮೇಲೂ ಎಡಗಣ್ಣು, ಬಲಗಣ್ಣು ಎಂದು ಅಚ್ಚಾಗಿದೆ. ನನಗೆ ಬೇಕಾದದ್ದು ಬಾಯಿ ಎಂಬ ಕಾಲಂ.

ನವೆಂಬರ್ 19, ಬುಧವಾರ

ನಿಲ್ದಾಣದ ಮೇಲ್ವಿಚಾರಕರು ನನ್ನನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದ್ದಾರೆ. "ಅಲ್ಲಿ ಮಾತಿನ ಕೆಲಸ ಇಲ್ಲಮ್ಮ. ಬಂದೋರು ಹೇಳ್ತಾರೆ, ನೀವು ಹುಡುಕಿ ಕೊಡ್ತೀರಿ." ಕಿಟಕಿಯಿಲ್ಲದ ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು. ಛತ್ರಿಗಳೇ ನಲವತ್ತೊಂದು. ಒಂದು ಊಟದ ಡಬ್ಬಿಯಲ್ಲಿ ಯಾರದೋ ಹಲ್ಲಿನ ಸೆಟ್ಟು. ಹಲ್ಲು ಬಿಟ್ಟು ಇಳಿದುಹೋದ ಮನುಷ್ಯ ಮುಂದಿನ ಊಟಕ್ಕಾದರೂ ನೆನಪು ಮಾಡಿಕೊಂಡಿರಬೇಡವೇ?

ನನ್ನ ಜಾಗದಲ್ಲಿ ಏಳು ವರ್ಷದ ಹಿಂದೆ ನಾನೇ ರೆಕಾರ್ಡ್ ಮಾಡಿಕೊಟ್ಟ ದನಿಯನ್ನು ಹಾಕುತ್ತಿದ್ದಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಸ್ಪೀಕರಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದೆ. ಬಾಯೊಳಗೆ ತುತ್ತು ಇಟ್ಟುಕೊಂಡು ಬೆಚ್ಚಿದೆ. ಒಳ್ಳೆಯ ದನಿ. ಸುಳ್ಳು ವಿನಯ ಯಾಕೆ?

ನವೆಂಬರ್ 22, ಶನಿವಾರ

ನಮ್ಮ ಬಡಾವಣೆಯ ಕ್ಲಬ್ಬಿನ ಸಭೆ. ನನ್ನ ಹಾಡು ಕೈತಪ್ಪುತ್ತದೆಂದು ಗೊತ್ತಿದ್ದೂ ಹೋದೆ.

ಕಾರ್ಯದರ್ಶಿ ದರ್ಜಿ. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವರನ್ನು ಯಾರೂ ಕಂಡಿಲ್ಲ. ಅದನ್ನೇ ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾ, "ಮೈಕಮ್ಮನಿಗೆ ಹೀಗಾಗಿದ್ದು ನಮಗೆಲ್ಲ ಭಾರಿ ಬೇಸರ" ಎಂದರು. ಮೈಕಮ್ಮ ಅಂದರೆ ನಾನು. ಈ ಹೆಸರು ಯಾರಿಟ್ಟರೋ, ಮೊದಲೆಲ್ಲ ಸಿಟ್ಟು ಬರುತ್ತಿತ್ತು, ಈಗ ಯಾರಾದರೂ ನಿಜ ಹೆಸರು ಹಿಡಿದು ಕರೆದರೆ ನಾನು ತಿರುಗುವುದಿಲ್ಲ. ಬೇಸರ ತೋಡಿಕೊಂಡ ಮೇಲೆ ಎರಡೇ ನಿಮಿಷದಲ್ಲಿ ನನ್ನ ಹಾಡನ್ನು ಔಷಧದಂಗಡಿಯವಳಿಗೆ ಕೊಟ್ಟರು. ಹತ್ತೊಂಬತ್ತಕ್ಕೆ ಡಾಕ್ಟರು ಹೂಂ ಎಂದರೆ ವಾಪಸ್ ನನಗೇ ಎಂಬ ಷರತ್ತೂ ಹಾಕಿದರು, ನನ್ನ ಮುಖ ನೋಡಲಾಗದೆ.

ಕ್ಲಬ್ಬಿನಲ್ಲಿ ಎಲ್ಲ ತರಹದ ಜನ ಇದ್ದಾರೆ. ಕೇರಂ ಬೋರ್ಡಿನ ವಿಷಯಕ್ಕೆ ವರ್ಷವಿಡೀ ಜಗಳ. ಕ್ರಿಸ್‌ಮಸ್ ಸಂಜೆ, ಎಂದರೆ ಇಪ್ಪತ್ನಾಲ್ಕರ ಸಂಜೆ, ಮಾತ್ರ ಎಲ್ಲರದು. ಆ ಸಂಜೆಯ ಕೊನೆಯ ಹಾಡು ನಮ್ಮದೇ ಕ್ಲಬ್ಬಿನದು, ಮೊದಲ ಕಾರ್ಯದರ್ಶಿಯಾಗಿದ್ದ ಗಡಿಯಾರ ರಿಪೇರಿಯವರು ಬರೆದು ರಾಗ ಹಾಕಿದ್ದು:

ಹೊರಗೆ ಚಳಿಯಿದೆ, ದಾರಿ ಕತ್ತಲಿದೆ,
ಒಳಗೆ ಹುಲ್ಲಿನ ಹಾಸಿಗೆ, ದೀಪವಿದೆ,
ಬಾ ಮಗುವೇ, ಒಳಗೆ ಬಾ.

ಮೊದಲ ಎರಡು ಸಾಲು ಒಬ್ಬಳೇ ಹಾಡುವುದು. ಮೂರನೆಯದಕ್ಕೆ ಇಡೀ ಮೇಳ ಸೇರುತ್ತದೆ. ಆ ಎರಡು ಸಾಲಿಗಾಗಿ ನಾನು ವರ್ಷವಿಡೀ ಕಾಯುತ್ತೇನೆ. ನನಗಿಂತ ಮುಂಚೆ ಅತ್ತೆ ಹಾಡುತ್ತಿದ್ದರು. ಗಂಟಲು ಹೋಯಿತು ಎಂದು ಬಿಟ್ಟರು, ನನಗೆ ಬಂತು. ಬಿಟ್ಟರೇನೋ ನಿಜ, ಮನಸ್ಸಿನಿಂದ ಬಿಡಲಿಲ್ಲ. ಮೊದಲ ವರ್ಷ ನಾನು ಎರಡನೇ ಸಾಲು ಮುಗಿಸುವಷ್ಟರಲ್ಲಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಇಡೀ ಸಭೆಯ ಎದುರು ಕೈ ಎತ್ತಿದರು. ನಿಲ್ಲಿಸು ಎಂದು. ಹೊಸ ಸೊಸೆ ನಾನು. ಒಂದು ಉಸಿರಿನಷ್ಟು ಹೊತ್ತು ನಿಂತೆ. ಆಮೇಲೆ ಅವರ ಕಣ್ಣಲ್ಲಿ ಕಣ್ಣಿಟ್ಟು ಹಾಡಿಯೇ ಬಿಟ್ಟೆ. ಅಂದಿನಿಂದ ಪ್ರತಿ ವರ್ಷ ಅದೇ ಜಾಗದಲ್ಲಿ ಒಂದು ಉಸಿರು ನಿಂತು, ಆಮೇಲೆ "ಬಾ" ಎನ್ನುತ್ತೇನೆ. ಮರೆತಿಲ್ಲ ಎಂದು ಅವರಿಗೆ ತಿಳಿಯಲಿ ಅಂತ. ಎಂಟು ವರ್ಷದಿಂದ ಅತ್ತೆ ಕ್ಲಬ್ಬಿಗೇ ಬರುತ್ತಿಲ್ಲ. ಆದರೂ ನಿಲ್ಲುತ್ತೇನೆ.

ನವೆಂಬರ್ 27, ಗುರುವಾರ

ಇವರು ನನಗೊಂದು ಸ್ಲೇಟು, ಒಂದು ಡಬ್ಬಿ ಬಳಪ ತಂದುಕೊಟ್ಟರು. ಐವತ್ತೆರಡನೇ ವಯಸ್ಸಿನಲ್ಲಿ ಒಂದನೇ ತರಗತಿ. "ಈಗ ಮನೆ ಎಷ್ಟು ಶಾಂತವಾಗಿದೆ ಅಲ್ವಾ" ಎಂದರು. ಸ್ಲೇಟಿನ ಮೊದಲ ಬರಹ ಅವರಿಗೇ ಮೀಸಲಾಯಿತು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಅತ್ತೆ ಬಗ್ಗಿ ಓದಿ, ಬಿದ್ದು ಬಿದ್ದು ನಕ್ಕರು. ಹಾಗೆ ನಗುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಆಮೇಲೆ ಸ್ಲೇಟನ್ನು ಕೈಗೆತ್ತಿಕೊಂಡು, "ಇದು ಚೆನ್ನಾಗಿದೆ. ನಂಗೂ ಏನಾದ್ರೂ ಬರಿ" ಎಂದರು. ತಮ್ಮ ದನಿ ತಮಗೆ ಕೇಳದ್ದರಿಂದ ಅತ್ತೆಯ ಮಾತು ಯಾವಾಗಲೂ ಪಕ್ಕದ ಮನೆಗೂ ಸೇರಿಸಿಯೇ ಇರುತ್ತದೆ. ಕಿವಿಯ ಯಂತ್ರವೊಂದಿದೆ, ಹಾಕಿಕೊಂಡರೆ ಸಿಳ್ಳೆ ಹೊಡೆಯುತ್ತದೆಂದು ಮೇಜಿನ ಖಾನೆಯಲ್ಲಿ ಮಲಗಿಸಿದ್ದಾರೆ.

ಏನು ಬರೆಯಲಿ? ಇಷ್ಟು ವರ್ಷ ಅತ್ತೆಯೊಡನೆ ನನ್ನ ಮಾತೆಂದರೆ ಊಟ! ಮಾತ್ರೆ! ಬಾಗಿಲು! ಅಷ್ಟೇ. ಕೂಗಿ ಹೇಳುವಾಗ ಉದ್ದದ ಮಾತು ಯಾರಿಗೆ ಬೇಕು. ಕೊನೆಗೆ ಹಲ್ಲಿನ ಸೆಟ್ಟಿನ ಕಥೆ ಬರೆದೆ. ಸ್ಲೇಟು ಮೂರು ಸಲ ತುಂಬಿತು.

ಡಿಸೆಂಬರ್ 1, ಸೋಮವಾರ

ಅತ್ತೆಯ ಕಾಟ ಶುರುವಾಗಿದೆ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸ್ಲೇಟು ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. "ಇವತ್ತು ಯಾರ್ ಏನ್ ಕಳ್ಕೊಂಡ್ರು?" ಇಂದು ಬರೆಯಲು ಏನೂ ಇರಲಿಲ್ಲ. ಅದಕ್ಕೆ ಒಂದು ಕಥೆ ಕಟ್ಟಿ ಬರೆದೆ. ಹಿಡಿದುಬಿಟ್ಟರು.

ಡಿಸೆಂಬರ್ 6, ಶನಿವಾರ

ಮೊದಲ ತಾಲೀಮು. ಹೊಸ ಕೀಬೋರ್ಡ್ ಮೇಷ್ಟ್ರು ಬಂದಿದ್ದಾರೆ. ತೆಳ್ಳಗೆ, ಇಸ್ತ್ರಿ ಹಾಕಿದ ಹಾಗೆ ಇದ್ದಾರೆ. ಕ್ಲಬ್ಬಿನ ಹಳೆಯ ಬೀರುವಿನಿಂದ ಗಡಿಯಾರದವರು ಕೈಯಲ್ಲೇ ಬರೆದ ಸ್ವರದ ಹಾಳೆಯನ್ನು ಹುಡುಕಿ ತೆಗೆದಿದ್ದಾರೆ. ಅದರಲ್ಲಿ ಇದ್ದಂತೆಯೇ ನುಡಿಸುತ್ತಾರಂತೆ.

ಔಷಧದಂಗಡಿಯವಳು ಹಾಡಿದಳು. ನಿಜ ಹೇಳಬೇಕು, ದನಿ ಚೆನ್ನಾಗಿದೆ. ಆದರೆ ಚೀಟಿ ನೋಡಿ ಮಾತ್ರೆ ಎಣಿಸುವ ಹಾಗೆ ಹಾಡುತ್ತಾಳೆ, ಒಂದೂ ಹೆಚ್ಚಾಗಬಾರದು ಎಂಬ ಭಯ. "ದೀಪವಿದೆ" ಎಂಬಲ್ಲಿಗೆ ಬಂದಳು. ಮೇಳದ ಇಪ್ಪತ್ತು ಜನವೂ ಒಂದು ಉಸಿರು ನಿಂತರು. ಕೀಬೋರ್ಡ್ ನಿಲ್ಲಲಿಲ್ಲ! ತಾನೊಂದೇ ಮುಂದೆ ಹೋಗಿ, ಯಾರೂ ಬರದ್ದನ್ನು ಕಂಡು, ನಾಚಿ ನಿಂತಿತು.

"ಯಾಕ್ ನಿಂತ್ರಿ?" ಎಂದರು ಮೇಷ್ಟ್ರು.

"ಅಲ್ಲಿ ನಿಲ್ಲೋದೇ ಸರ್," ಎಂದರು ಎಲ್ಲರೂ.

"ಇಲ್ಲಿ ಹಾಗೆ ಬರ್ದಿಲ್ಲ."

ಏಳು ಸಲ ಹಾಡಿಸಿದರು. ಏಳು ಸಲವೂ ಇಪ್ಪತ್ತು ಜನ ನಿಂತರು, ಕೀಬೋರ್ಡ್ ಓಡಿತು. ಚಪ್ಪಾಳೆ ತಟ್ಟಿಸಿದರು, ಕಾಲು ಕುಟ್ಟಿಸಿದರು. ಕಾರ್ಯದರ್ಶಿ ದರ್ಜಿಯವರು ಬೆವರು ಒರೆಸಿಕೊಳ್ಳುತ್ತಾ, "ಸರ್, ನಮ್ಮ ಗಂಟ್ಲು ಅಲ್ಲಿ ತಾನಾಗೇ ಬ್ರೇಕ್ ಹಾಕತ್ತೆ, ಏನ್ಮಾಡೋದು" ಎಂದರು. ಮೇಷ್ಟ್ರು ಹಾಳೆಯನ್ನು ನನ್ನ ಮುಂದೆ ಹಿಡಿದರು. "ಇಷ್ಟ್ ವರ್ಷ ನೀವು ತಪ್ಪು ಹಾಡ್ತಿದ್ರಿ ಮೇಡಂ."

ಕಿವಿಯವರೆಗೆ ಬಿಸಿಯಾಯಿತು. ಹಾಳೆಯಲ್ಲಿ ನಿಜವಾಗಿ ಏನೂ ಇಲ್ಲ. ಅದು ನನ್ನ ಅತ್ತೆಯ ಮೇಲಿನ ನನ್ನ ಸಿಟ್ಟು. ಅದನ್ನು ಇಡೀ ಕ್ಲಬ್ಬು ಹಾಡೆಂದುಕೊಂಡು ಕಲಿತು ಕೂತಿದೆ. ಇದನ್ನು ಯಾವ ಸ್ಲೇಟಿನ ಮೇಲೆ ಬರೆಯಲಿ?

ಡಿಸೆಂಬರ್ 7, ಭಾನುವಾರ

ಔಷಧದಂಗಡಿಯವಳು ಮನೆಗೇ ಬಂದಳು. "ಅಕ್ಕಾ, ಮೇಷ್ಟ್ರು ನಿಲ್ಬೇಡ ಅಂತಾರೆ, ಮೇಳದೋರು ನಿಂತೇ ನಿಲ್ತಾರೆ. ಮಧ್ಯ ಸಿಕ್ಕಾಕ್ಕೊಂಡಿದ್ದೀನಿ. ನೀವು ಅಲ್ಲಿ ಏನ್ ಮಾಡ್ತಿದ್ರಿ? ಎಷ್ಟು ಹೊತ್ತು ನಿಲ್ತಿದ್ರಿ?"

ಸ್ಲೇಟು ಕೈಗೆ ಸಿಗುವಷ್ಟು ಹತ್ತಿರವೇ ಇತ್ತು. ನಾನು ಭುಜ ಕುಣಿಸಿ, ಗಂಟಲು ತೋರಿಸಿ, ಕೈಯಾಡಿಸಿದೆ. ಪಾಪ, ನನಗೆ ನೋವಾಗುತ್ತಿದೆ ಎಂದುಕೊಂಡು ಜೇನುತುಪ್ಪದ ಬಾಟಲಿ ಇಟ್ಟು ಹೋದಳು. ಅದಿನ್ನೂ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿದೆ.

ಡಿಸೆಂಬರ್ 10, ಬುಧವಾರ

ಒಬ್ಬಾಕೆ ಶಾಲು ಕಳೆದುಕೊಂಡು ಬಂದರು. ಬೂದು ಬಣ್ಣ, ಅಂಚಿಗೆ ಕೆಂಪು. ಮಾತು ಶುರು ಮಾಡಿದಾಗಲೇ ನನ್ನ ಕೈ ಅದರ ಮೇಲಿತ್ತು. ಮೊದಲಿನ ನಾನಾಗಿದ್ದರೆ "ಇದೇನಾ? ಸಹಿ ಹಾಕಿ, ನೆಕ್ಸ್ಟ್" ಎನ್ನುತ್ತಿದ್ದೆ. ಬಾಯಿಲ್ಲವಲ್ಲ, ಸುಮ್ಮನೆ ನಿಂತೆ. ಅವರು ಹೇಳುತ್ತಾ ಹೋದರು. ಅಕ್ಕ ಹೆಣೆದದ್ದಂತೆ. ಅಕ್ಕನಿಗೂ ಅವರಿಗೂ ನಾಲ್ಕು ವರ್ಷ ಮಾತಿರಲಿಲ್ಲವಂತೆ. ಶಾಲು ಬಂದ ದಿನವೇ ಮಾತು ಶುರುವಾಯಿತಂತೆ. ಶಾಲು ಕೊಟ್ಟಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮಷ್ಟು ಚೆನ್ನಾಗಿ ಯಾರೂ ಮಾತಾಡ್ಸಿರ್ಲಿಲ್ಲ" ಎಂದರು. ನಾನು ಒಂದಕ್ಷರ ಆಡಿರಲಿಲ್ಲ. ಜನ ವಿಚಿತ್ರ.

ಇನ್ನೊಂದು ವಿಷಯ. ಕ್ರಿಸ್‌ಮಸ್ ಸಂಜೆಯ ನಾಟಕದಲ್ಲಿ ಕುರುಬರ ದೃಶ್ಯಕ್ಕೆ ಕೋಲು ಬೇಕೆಂದು ದರ್ಜಿಯವರು ಒದ್ದಾಡುತ್ತಿದ್ದರು. ಆರು ತಿಂಗಳು ಯಾರೂ ಕೇಳದ ಸಾಮಾನನ್ನು ಕೊಡಬಹುದೆಂದು ನಿಯಮವಿದೆ. ಮೇಲ್ವಿಚಾರಕರಿಗೆ ಚೀಟಿ ಬರೆದುಕೊಟ್ಟು, ಬಾಗಿದ ಹಿಡಿಯ ಐದು ಛತ್ರಿ ತೆಗೆದುಕೊಂಡು ಹೋದೆ. ಬಿಚ್ಚದೆ ಹಿಡಿದರೆ ಸಾಕ್ಷಾತ್ ಕುರುಬರ ಕೋಲು.

ಡಿಸೆಂಬರ್ 13, ಶನಿವಾರ

ಹೇಗೆ ಬರೆಯಲಿ ಇದನ್ನು.

ತಾಲೀಮಿನಲ್ಲಿ ಮತ್ತೆ ಅದೇ ಕಥೆ. ಸಿಟ್ಟಿನಲ್ಲೇ ಮನೆಗೆ ಬಂದೆ. ಅತ್ತೆ ಬಾಗಿಲಲ್ಲಿ ಸ್ಲೇಟು ಹಿಡಿದು ನಿಂತಿದ್ದರು. ಯಾರೂ ಏನೂ ಕಳೆದುಕೊಂಡಿಲ್ಲ, ಮೇಷ್ಟ್ರ ಬುದ್ಧಿಯೊಂದನ್ನು ಬಿಟ್ಟು ಎಂದು ಗೀಚಿದೆ. ಯಾಕೆ ಎಂದರು. ಬರೆದೆ: "ದೀಪವಿದೆ ಆದ ಮೇಲೆ ನಿಲ್ಲುವುದು ತಪ್ಪಂತೆ."

ಅತ್ತೆಯ ಮುಖ ಅರಳಿತು. "ಅಲ್ಲಿ ನಿಲ್ಲೋದು ಇನ್ನೂ ಇದೆಯಾ? ಅಯ್ಯೋ ದೇವರೇ!"

ನನಗೆ ಮೈಯೆಲ್ಲ ಉರಿಯಿತು. ಹತ್ತೊಂಬತ್ತು ವರ್ಷ ಕೂಗಾಡಿದರೂ ಇದೊಂದನ್ನು ಕೇಳಿರಲಿಲ್ಲ, ಕೇಳದಿದ್ದರೂ ಮರೆತಿರಲಿಲ್ಲ. ಬಳಪ ಮುರಿಯುವಷ್ಟು ಒತ್ತಿ ಬರೆದೆ: "ಅಂದು ಎಲ್ಲರೆದುರು ಕೈ ಎತ್ತಿ ನನ್ನನ್ನು ನಿಲ್ಲಿಸಲು ನೋಡಿದಿರಲ್ಲ, ಯಾಕೆ?"

ಅತ್ತೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಕೂತರು.

"ನಿಲ್ಸೋಕಾ? ನಾನಾ?" ಎಂದರು. "ಕೂಸೇ, ನೀನು ಅವತ್ತು ಬಸ್ಸು ತಪ್ಪಿ ಹೋಗತ್ತೇನೋ ಅನ್ನೋ ಹಾಗೆ ಓಡ್ತಿದ್ದೆ. ಎರಡು ಸಾಲು ಒಂದೇ ಉಸಿರಲ್ಲಿ. ಮುಖ ಬಿಳಿಚ್ಕೊಂಡಿತ್ತು, ಇನ್ನೇನು ಬಿದ್ದೇ ಹೋಗ್ತಾಳೆ ಅನ್ಸ್ತು. ಉಸಿರು ತಗೋ ಅಂತ ಕೈ ಎತ್ತಿದೆ. ತಗೊಂಡೆ. ಆಮೇಲೆ 'ಬಾ' ಅಂದೆ ನೋಡು… ಆಹಾ, ಎಂಥಾ 'ಬಾ' ಅದು!"

ನಾನು ಬಳಪ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ನಂಗೆ ಅರ್ಧ ಕೇಳ್ಸಿತ್ತು, ಅರ್ಧ ನಿನ್ನ ಮುಖ ನೋಡಿ ಗೊತ್ತಾಯ್ತು. ಆಗ್ಲೇ ಕಿವಿ ಹೋಗ್ತಾ ಇತ್ತು. ಅದರ ಹಿಂದಿನ ವರ್ಷ ನಾನು ಶ್ರುತಿ ತಪ್ಪಿ ಹಾಡಿದ್ದೆ. ನಂಗೆ ಗೊತ್ತೇ ಆಗ್ಲಿಲ್ಲ. ಎದುರಿಗೆ ಕೂತೋರು ಕಣ್ಣು ತಗ್ಗಿಸಿದ್ರು, ಆಗ ಗೊತ್ತಾಯ್ತು. ಕಿವಿ ಹೋಯ್ತು ಅಂದ್ರೆ ಎಲ್ಲಾರೂ ಅಯ್ಯೋ ಪಾಪ ಅಂತಾರೆ, ಗಂಟ್ಲು ಹೋಯ್ತು ಅಂದೆ. ಹಾಡು ಸೊಸೆಗೆ ಕೊಡಿ ಅಂತ ಗಡಿಯಾರದೋರಿಗೆ ನಾನೇ ಹೇಳಿದ್ದು."

ಆ ಹಾಡನ್ನು ನಾನು ಗೆದ್ದುಕೊಂಡೆ ಎಂದುಕೊಂಡಿದ್ದೆ.

ಅವರ ಕೈಯನ್ನೇ ಹಿಡಿದುಕೊಂಡು ಕೂತೆ. ಇವರು ಅಂಗಡಿಯಿಂದ ಬಂದು, ನಮ್ಮಿಬ್ಬರನ್ನೂ ನೋಡಿ, ಏನಾಯಿತೋ ಎಂದು ಗಾಬರಿಯಾಗಿ ಕುರ್ಚಿ ಎಡವಿದರು. ಅತ್ತೆ, "ಏನಿಲ್ಲ ಕಣೋ, ನಿನ್ನ ಹೆಂಡ್ತಿಗೆ ಹತ್ತೊಂಬತ್ತು ವರ್ಷದ ಮೇಲೆ ಕಿವಿ ಬಂತು" ಎಂದರು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಡಿಸೆಂಬರ್ 14, ಭಾನುವಾರ

ಔಷಧದಂಗಡಿಗೆ ಹೋಗಿದ್ದೆ. ಮೊದಲು ಬರೆದದ್ದು: "ಹತ್ತೊಂಬತ್ತಕ್ಕೆ ಡಾಕ್ಟರು ಹೂಂ ಎಂದರೆ ನಾನೇ ಹಾಡುವುದು." ಅವಳು, "ಖಂಡಿತ ಅಕ್ಕಾ, ನಂಗೂ ಅಷ್ಟೇ ಬೇಕು, ರಾತ್ರಿಯೆಲ್ಲ ನಿದ್ದೆ ಇಲ್ಲ" ಎಂದಳು. ಅದನ್ನು ಒರೆಸಿ ಎರಡನೆಯದನ್ನು ಬರೆದೆ: "ಅಲ್ಲಿ ಎಣಿಸಬೇಡ. ಬಾಗಿಲು ತೆಗೆದಿದ್ದೀಯ, ಹೊರಗೆ ಮಗು ನಿಂತಿದೆ. ಉಸಿರು ತಗೋ. ಆಮೇಲೆ ಕರಿ."

ಔಷಧದ ಡಬ್ಬಿಗಳ ನಡುವೆ ನಿಂತು ಮೆಲ್ಲಗೆ ಹಾಡಿದಳು. ಕೆಮ್ಮಿನ ಔಷಧಿಗೆಂದು ಬಂದಿದ್ದವರು ಕೆಮ್ಮುವುದನ್ನೇ ಮರೆತು ನಿಂತರು. ವಾಪಸ್ ಬರುವಾಗ ಒಂದೇ ಯೋಚನೆ. ತಪ್ಪು ಮಾಡಿದೆನೇ? ಇಷ್ಟು ಚೆನ್ನಾಗಿ ಹಾಡುವವಳಿಂದ ವಾಪಸ್ ಪಡೆಯುವುದು ಹೇಗೆ?

ಡಿಸೆಂಬರ್ 19, ಶುಕ್ರವಾರ

ಡಾಕ್ಟರು ಹೂಂ ಎನ್ನಲಿಲ್ಲ.

ಗಂಟು ಅರ್ಧ ಕರಗಿದೆಯಂತೆ. ಈಗ ಹಾಡಿದರೆ ಎಲ್ಲ ನೀರಿನಲ್ಲಿ ಹೋಮ. ಮೂವತ್ತಕ್ಕೆ ಮಾತು, ಹಾಡು ಯಾವಾಗಲೋ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಗಂಟಲಿಗೆ ಕೆಟ್ಟದ್ದೆಂದು ದನಿಯಿಲ್ಲದೆ ಅಳಬೇಕಾಯಿತು, ಅದೇ ಇನ್ನೂ ಸಂಕಟ. ಇವರು ಪಕ್ಕದಲ್ಲಿ ಕೂತು, ನನ್ನ ಕನ್ನಡಕ ತೆಗೆದು ಒರೆಸಿ ವಾಪಸ್ ಹಾಕಿದರು. ಎರಡು ಸಲ.

ಡಿಸೆಂಬರ್ 20, ಶನಿವಾರ

ಕೊನೆಯ ತಾಲೀಮು. ಮೇಷ್ಟ್ರು ಜಗ್ಗಲಿಲ್ಲ. "ಯಾರು ನಿಂತ್ರೂ ನಾನ್ ನಿಲ್ಲಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು. ಔಷಧದಂಗಡಿಯವಳು ಓಡಿಬಂದು ನನ್ನ ಪಕ್ಕ ನಿಂತಳು. ನಾನು ಸ್ಲೇಟಿನಲ್ಲಿ ಬರೆದೆ: "ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ನನ್ನ ಕಡೆ ನೋಡು."

ಅತ್ತೆಯೂ ಬರುತ್ತಾರಂತೆ. "ಕೇಳ್ಸೋದಿಲ್ಲ, ನೋಡೋಕೆ ಏನಡ್ಡಿ" ಎಂದರು.

ಡಿಸೆಂಬರ್ 25, ಗುರುವಾರ, ಬೆಳಿಗ್ಗೆ

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ. ಇನ್ನೂ ನಗು ಬರುತ್ತಿದೆ, ನಕ್ಕರೆ ಡಾಕ್ಟರ ಮುಖ ನೆನಪಾಗುತ್ತಿದೆ.

ಸಭಾಂಗಣ ತುಂಬಿ, ಟೇಬಲ್ ಟೆನಿಸ್ ಮೇಜಿನ ಮೇಲೂ ಜನ ಕೂತಿದ್ದರು. ಬಣ್ಣದ ಕಾಗದದ ಸರ, ಕಿಟಕಿಗೊಂದು ನಕ್ಷತ್ರ. ಅತ್ತೆ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಮುಂದಿನ ಸಾಲಿನ ನಡುವೆ ಕೂತರು. ಎಂಟು ವರ್ಷದ ಮೇಲೆ ಬಂದವರನ್ನು ಮಾತಾಡಿಸಲು ಜನ ಸಾಲು ನಿಂತರು. ಸ್ಲೇಟು ಕೈಯಿಂದ ಕೈಗೆ ಹೋಗಿ, ನನಗೇ ಬರೆಯಲು ಸಿಗದಂತಾಯಿತು.

ಲಿಫ್ಟ್ ರಿಪೇರಿಯವರು ಕ್ರಿಸ್‌ಮಸ್ ತಾತನಾಗಿ ಬಂದರು. ಗಡ್ಡಕ್ಕೆ ಔಷಧದಂಗಡಿಯ ಹತ್ತಿ ಹಚ್ಚಿದ್ದು ಸಾಲದಾಗಿ, ಎಡಗೆನ್ನೆಗೆ ಬ್ಯಾಂಡೇಜು ಬಟ್ಟೆ ಸೇರಿಸಿದ್ದರು. ತಾತ ಎಲ್ಲೋ ಬಿದ್ದು ಎದ್ದು ಬಂದಂತೆ ಕಾಣುತ್ತಿದ್ದರು. ಆಮೇಲೆ ಕುರುಬರ ದೃಶ್ಯ. ದೇವದೂತ ಕಾಣಿಸಿಕೊಂಡು, ಐವರು ಕುರುಬರು ಕೋಲು ಎತ್ತಿ ಹಿಡಿದು ಬೆರಗಾದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ:

"ಏಯ್! ಅದು ನನ್ ಛತ್ರಿ!"

ಎರಡನೇ ಕುರುಬ ಗಾಬರಿಯಿಂದ ಛತ್ರಿಯ ಗುಂಡಿಯನ್ನು ಒತ್ತಿಬಿಟ್ಟ. ಅದು ಫಟ್ಟೆಂದು ಬಿಚ್ಚಿಕೊಂಡು ದೇವದೂತನ ಒಂದು ರೆಕ್ಕೆಯನ್ನು ಕಿತ್ತಿತು. ದರ್ಜಿಯವರು ಪಕ್ಕದಿಂದ ಸೂಜಿ ಕಚ್ಚಿಕೊಂಡು ಓಡಿಬಂದು, ಎಲ್ಲರೆದುರೇ ರೆಕ್ಕೆ ಹೊಲಿದರು. ಛತ್ರಿಯವರು ವೇದಿಕೆಯವರೆಗೆ ಬಂದು, "ಮುಗಿದ್ಮೇಲೆ ಕೊಡಿ, ಅವಸರ ಇಲ್ಲ" ಎಂದು ಹೇಳಿ ಹೋದರು. ನಾನು ಅಲ್ಲೇ ಚೀಟಿ ಬರೆದು ಸಹಿ ಹಾಕಿಸಿಕೊಂಡೆ. ಕೆಲಸ ಕೆಲಸವೇ.

ಕೊನೆಗೆ ನಮ್ಮ ಹಾಡು. ದೀಪ ಇಳಿಸಿದರು. ಮೇಳ ಬಂದು ನಿಂತಿತು. ನನ್ನ ಜಾಗದಲ್ಲಿ, ಆ ಸಡಿಲ ಹಲಗೆಯ ಮೇಲೆ, ಅವಳು ನಿಂತಳು. ಆ ಹಲಗೆ ನನ್ನ ಕಾಲಡಿ ಹೇಗೆ ಕಿರ್ ಎನ್ನುತ್ತದೆಂದು ನನಗೆ ಗೊತ್ತು; ನಿನ್ನೆ ಅದು ಅವಳಿಗಾಗಿ ಕಿರ್ ಎಂದಿತು. ಎದ್ದು ಹೋಗಿಬಿಡಲೇ ಎನ್ನಿಸಿತು, ಸುಳ್ಳು ಯಾಕೆ ಬರೆಯಲಿ.

ಹೊರಗೆ ಚಳಿಯಿದೆ, ದಾರಿ ಕತ್ತಲಿದೆ. ಚೆನ್ನಾಗಿ ತೆಗೆದಳು. ಒಳಗೆ ಹುಲ್ಲಿನ ಹಾಸಿಗೆ. ಅಲ್ಲಿ ಓಡತೊಡಗಿದಳು. ಮೇಷ್ಟ್ರ ಬೆರಳು ಹಿಂದೆಯೇ ಅಟ್ಟಿಸಿಕೊಂಡು ಬರುತ್ತಿತ್ತು, ಅವಳ ಮುಖ ಬಿಳಿಚಿತು. ಯಾರಿಗೂ ತಿಳಿದಿರಲಿಕ್ಕಿಲ್ಲ, ನನಗೆ ತಿಳಿಯಿತು. ದೀಪವಿದೆ ಎಂದು ನನ್ನ ಕಡೆ ನೋಡಿದಳು.

ನಾನು ಕೈ ಎತ್ತಿದೆ.

ಪಕ್ಕದಲ್ಲಿ ಇನ್ನೊಂದು ಕೈ ಮೇಲಿತ್ತು. ನಾನು ತಿರುಗಿ ನೋಡಿದೆ. ಅತ್ತೆ ನನ್ನನ್ನು ನೋಡಿ ಎತ್ತಿದ್ದಲ್ಲ. ಅವರ ಕಣ್ಣು ವೇದಿಕೆಯ ಮೇಲಿತ್ತು. ಹಾಡು ಕೇಳದವರಿಗೆ ಆ ಹುಡುಗಿಯ ಉಸಿರು ಕಂಡಿತ್ತು.

ಮೇಳ ನಿಂತಿತು. ಮೇಜಿನ ಮೇಲಿನವರು, ಬಾಗಿಲಲ್ಲಿ ನಿಂತವರು, ಛತ್ರಿಯವರು, ಗಡ್ಡದ ತಾತ, ಎಲ್ಲರೂ ಉಸಿರು ಹಿಡಿದರು. ಕೀಬೋರ್ಡ್ ಒಂದೇ ಒಂದು ಸ್ವರ ಮುಂದೆ ಹೋಗಿ, ಟಿಂ ಎಂದು, ತಾನಾಗಿಯೇ ನಿಂತಿತು. ಮೇಷ್ಟ್ರು ತಮ್ಮ ಬೆರಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಅಷ್ಟು ಜನರಿದ್ದ ಸಭಾಂಗಣದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹೇಗೆ ಕೇಳಲಿ, ಪ್ರತಿ ವರ್ಷ ಆ ಹೊತ್ತಿನಲ್ಲಿ ನಾನು ಮುಂದಿನ ಸ್ವರದ ಚಿಂತೆಯಲ್ಲಿರುತ್ತಿದ್ದೆ.

ನಾವಿಬ್ಬರೂ ಕೈ ಇಳಿಸಿದೆವು.

"ಬಾ," ಎಂದಳು. ಎಲ್ಲರೂ ಸೇರಿದರು.

ಆಮೇಲೆ ಕೇಕು ಹಂಚುವಾಗ ಮೇಷ್ಟ್ರು ಗಡಿಯಾರದವರ ಹಾಳೆಯನ್ನು ಹಿಡಿದು ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಕಿಸೆಯಿಂದ ಪೆನ್ಸಿಲ್ ತೆಗೆದು ಅತ್ತೆಗೆ ಕೊಟ್ಟು, "ಎಲ್ಲಿ ಅಂತ ಗುರುತು ಹಾಕ್ಕೊಡಿ ಅಮ್ಮಾ" ಎಂದರು. ಅತ್ತೆಗೆ ಕೇಳಲಿಲ್ಲ, ಸ್ಲೇಟು ಅಷ್ಟರಲ್ಲಿ ಯಾರ ಕೈಯಲ್ಲಿತ್ತೋ. ನಾನು ಆ ಜಾಗದ ಮೇಲೆ ಬೆರಳಿಟ್ಟು ತೋರಿಸಿದೆ. ಅತ್ತೆ ಅಲ್ಲೊಂದು ಪುಟ್ಟ ಗೀಟು ಎಳೆದರು.

ಔಷಧದಂಗಡಿಯವಳು ಅಪ್ಪಿಕೊಂಡು, "ಮುಂದಿನ ವರ್ಷ ನಿಮ್ ಜಾಗ ನಿಮಗೇ ಅಕ್ಕಾ" ಎಂದಳು. ನೋಡೋಣ ಎಂದು ಕೈಯಾಡಿಸಿದೆ. ಮುಂದಿನ ಸಾಲಿನ ಕುರ್ಚಿಗೆ ದಿಂಬು ಹಾಕಿರುತ್ತಾರೆ, ಇದು ನನಗೆ ಗೊತ್ತೇ ಇರಲಿಲ್ಲ.

ಡಿಸೆಂಬರ್ 30, ಮಂಗಳವಾರ

ಗಂಟು ಹೋಗಿದೆ! ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು. ಮೆಲ್ಲಗೆ. "ಈಗ್ಲೇ ಏನಾದ್ರೂ ಹೇಳಿ, ದನಿ ಕೇಳೋಣ" ಎಂದರು ಡಾಕ್ಟರು. ಆ ಎಂದೆ, ಊ ಎಂದೆ. ಅದಕ್ಕಿಂತ ಹೆಚ್ಚು ಆಡಲಿಲ್ಲ. ದಾರಿಯಲ್ಲಿ ಇವರು, "ಒಂದ್ ಮಾತಾಡೇ, ಆರು ವಾರ ಆಯ್ತು" ಎಂದು ಮಗುವಿನ ಹಾಗೆ ಹಿಂದೆ ಬಿದ್ದರು. ತಲೆಯಾಡಿಸಿದೆ. ಶಾಂತಿ ಬೇಕಿತ್ತಲ್ಲ, ತಗೊಳ್ಳಲಿ.

ಮನೆಗೆ ಬಂದಾಗ ಅತ್ತೆ ಸ್ಲೇಟು ಹಿಡಿದು ಬಾಗಿಲಲ್ಲಿದ್ದರು. ನಾನು ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ಕೂಗುವಂತಿಲ್ಲ. ಇಷ್ಟೇ ಇಷ್ಟು ದನಿಯಲ್ಲಿ ಹೇಳಿದೆ:

"ಅತ್ತೆ, ಟೀ ಮಾಡ್ಲಾ?"

"ಮಾಡು," ಎಂದರು. "ಸಕ್ಕರೆ ಕಮ್ಮಿ ಹಾಕು."

ನಾನು ಬೆಪ್ಪಾಗಿ ಕೂತೆ. "ಕೇಳಿಸ್ತಾ?"

"ಎಲ್ಲಿಂದ ಕೇಳ್ಸ್ಬೇಕು? ಕಾಣಿಸ್ತು. ಹೀಗೆ ಎದುರಿಗೆ ಕೂತು ಮೆಲ್ಲಗೆ ಹೇಳಿದ್ರೆ ಎಲ್ಲಾ ಕಾಣತ್ತೆ ಕಣೇ. ನೀನು ಅಡುಗೆಮನೆಯಿಂದ ಕೂಗ್ಕೊಂಡ್ ಬರ್ತಿದ್ದೆ, ಬಾಯಿ ಹತ್ತು ಕಡೆ ಹೋಗೋದು. ಊಟ ಅಂದ್ಯೋ ಮಾತ್ರೆ ಅಂದ್ಯೋ ಯಾರಿಗ್ ಗೊತ್ತು? ಕೊಟ್ಟದ್ದು ನುಂಗ್ತಿದ್ದೆ."

ಗಡಿಯಾರ ನೋಡಿದೆ. ಒಂಬತ್ತು ನಿಮಿಷ ಉಳಿದಿತ್ತು. ಸ್ಟೂಲಿನಿಂದ ಏಳಲಿಲ್ಲ. ಟೀ ಇವರೇ ಮಾಡಿದರು.